ಗರಿಗರಿ ತಾತನ ಕಾಲಿನ ಕಲೆ

ಲಾಂಡ್ರಿಯಲ್ಲಿ ಅವನಿಗೆ ಗರಿಗರಿ ಎಂದೇ ಹೆಸರು. ಅವನು ಇಸ್ತ್ರಿ ಹಾಕಿದ ಪ್ಯಾಂಟಿನ ಗೆರೆಯಲ್ಲಿ ತರಕಾರಿ ಹೆಚ್ಚಬಹುದೆಂದು ಜೊತೆಯವರು ಕಿಚಾಯಿಸುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಮೇಜಿನ ಮುಂದೆ ನಿಂತೇ ಇರುವ ಆ ಕಾಲುಗಳ ಮೇಲೆ ಒಮ್ಮೆ ಕೆಂಪು ಗುಳ್ಳೆಗಳೆದ್ದವು. ಉರಿದವು, ಮಾಸಿದವು, ಕಂದು ಕಲೆ ಉಳಿಸಿ ಮತ್ತೆ ಎದ್ದವು.

ಅಂಟುರೋಗವಿರಬಹುದೆಂದು ಸೊಸೆ ಹೆದರಿದಳು. ಅವಳದೇನೂ ತಪ್ಪಿಲ್ಲ, ಮನೆಯಲ್ಲಿ ಪುಟ್ಟ ಮಗುವಿತ್ತು. ಅವಳು ಬಾಯಿಬಿಡುವ ಮೊದಲೇ ಅವನೇ ತನ್ನ ತಟ್ಟೆ, ಟವೆಲು, ಚಾಪೆ ಬೇರೆ ಮಾಡಿಕೊಂಡ. ಮೊಮ್ಮಗಳು ತೊಡೆಯೇರಲು ಓಡಿಬಂದರೆ, "ಬೇಡ ಪುಟ್ಟಿ, ಮುಟ್ಟಿದ್ರೆ ನಿಂಗೂ ಗುಳ್ಳೆ ಬರುತ್ತೆ," ಎನ್ನುತ್ತಿದ್ದ. ಮಗು ಹಟ ಮಾಡಿತು, ಅತ್ತಿತು, ಕೊನೆಗೆ ಕಲಿತುಕೊಂಡಿತು. ತಾತ ಗೋಡೆಯ ಕಡೆ ತಿರುಗಿ ಮಲಗತೊಡಗಿದ.

ಡಾಕ್ಟರಿಗೆ ತೋರಿಸಲಿಲ್ಲವೆಂದಲ್ಲ. ಅಲ್ಲೇ ಅವನು ಎಡವಿದ್ದು. ಜೀವಮಾನವಿಡೀ ಜನರ ಬಟ್ಟೆಯ ಕಲೆ ತೆಗೆದವನು ಕೆಂಪೆದ್ದ ಕಾಲನ್ನು ಇನ್ನೊಬ್ಬರ ಮುಂದೆ ಚಾಚುವುದುಂಟೇ? ಗುಳ್ಳೆ ಇಳಿಯುವವರೆಗೆ ಕಾದು, ಸೋಪು ಹಚ್ಚಿ ತಿಕ್ಕಿ ತೊಳೆದು, ಗೆರೆ ಮುರಿಯದ ಪ್ಯಾಂಟು ತೊಟ್ಟು ರಜೆಯ ದಿನ ಹೋಗುತ್ತಿದ್ದ. ಡಾಕ್ಟರು ಉಳಿದ ಕಲೆ ನೋಡಿ ತುರಿಕೆಯ ಮುಲಾಮು ಕೊಡುತ್ತಿದ್ದರು. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಒಂದು ದಿನ ಕಾಲು ಬಾತು, ಇಸ್ತ್ರಿ ಮೇಜಿನ ಬಳಿಯೇ ಕುಸಿದ. ಮಾಲೀಕರು ಇದ್ದ ಬಟ್ಟೆಯಲ್ಲೇ ಅವನನ್ನು ಚರ್ಮದ ಡಾಕ್ಟರಮ್ಮನ ಬಳಿ ಕರೆದೊಯ್ದರು. ಆಕೆ ಗಾಜಿನ ಪಟ್ಟಿಯಿಂದ ಗುಳ್ಳೆಯನ್ನು ಒತ್ತಿ ನೋಡಿದರು, ಕೆಂಪು ಅಳಿಯಲಿಲ್ಲ. ಹೊಸದಾಗಿ ಎದ್ದ ಗುಳ್ಳೆಯಿಂದಲೇ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಮೂತ್ರವನ್ನೂ ಕಳಿಸಿದರು.

ಫಲಿತಾಂಶ ಬಂದ ದಿನ ಆಕೆ ಮೆಲ್ಲಗೆ ಹೇಳಿದರು. "ಸಣ್ಣ ರಕ್ತನಾಳಗಳು ಊದ್ಕೊಂಡು ರಕ್ತ ಸೋರ್ತಿದೆ, ಯಜಮಾನರೇ. ಅದಕ್ಕೇ ಒತ್ತಿದ್ರೂ ಕೆಂಪು ಹೋಗ್ಲಿಲ್ಲ. ದಿನವಿಡೀ ನಿಲ್ಲೋದ್ರಿಂದ ಕಾಲಲ್ಲೇ ಜಾಸ್ತಿ. ಮಾಸಿದ ಮೇಲೆ ನೋಡಿದ್ರೆ ಗೊತ್ತಾಗಲ್ಲ, ಎದ್ದ ದಿನಾನೇ ಬರಬೇಕಿತ್ತು. ಕಿಡ್ನಿಗೂ ಸ್ವಲ್ಪ ಪೆಟ್ಟಾಗಿದೆ."

ಅವನು ಕೇಳಿದ್ದು ಒಂದೇ. "ಮಗೂಗೆ ಅಂಟುತ್ತಾ, ಅಮ್ಮಾ?"

"ಇಲ್ಲ. ಇದು ಯಾವತ್ತೂ ಅಂಟ್ತಿರಲಿಲ್ಲ."

ಹಿಗ್ಗಬೇಕಾದ ಮಾತು. ಅವನು ಮಗುವನ್ನು ದೂರವಿಟ್ಟ ದಿನಗಳನ್ನು ಬೆರಳಲ್ಲಿ ಎಣಿಸತೊಡಗಿದ.

ಮನೆಯಲ್ಲಿ ವಿಷಯ ಕೇಳಿ ಸೊಸೆ ಬಿಕ್ಕಿಬಿಕ್ಕಿ ಅತ್ತಳು. "ಎತ್ಕೊಳ್ಳಿ ಮಾವ, ಎಷ್ಟು ದಿನ ಆಯ್ತು," ಎಂದು ಮಗುವನ್ನು ಮುಂದೆ ಬಿಟ್ಟಳು. ತಾತ ಚಾಪೆಯ ಮೇಲೆ ಕೂತು ಎರಡೂ ಕೈ ಚಾಚಿದ.

ಮೊಮ್ಮಗಳು ಮಾರು ದೂರದಲ್ಲೇ ನಿಂತು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅವನದೇ ಧಾಟಿಯಲ್ಲಿ ತಿಳಿಹೇಳಿದಳು. "ಬೇಡ ತಾತ. ಮುಟ್ಟಿದ್ರೆ ನಂಗೂ ಗುಳ್ಳೆ ಬರುತ್ತೆ."

ಚಾಚಿದ ಕೈ ಮಡಚಲು ಅವನಿಗೆ ಮನಸ್ಸಾಗಲಿಲ್ಲ.