ಗೌರಮ್ಮ ಮಿಸ್ ಎಳೆದ ಗೆರೆ

ನಿನ್ನೆ ದೇವನಹಳ್ಳಿ ಕಡೆಯ ಸರ್ಕಾರಿ ಶಾಲೆಯೊಂದಕ್ಕೆ ನೋಟ್‌ಬುಕ್ ಹಂಚಲು ಹೋಗಿದ್ದೆ. ಕರಿಹಲಗೆಯ ನಡುವೆ ಉದ್ದಕ್ಕೆ ಗೆರೆ ಎಳೆದು ಒಂದು ಕಡೆ ಕನ್ನಡ, ಇನ್ನೊಂದು ಕಡೆ ಇಂಗ್ಲಿಷ್ ಬರೆದಿದ್ದರು. ಎಲ್ಲಿಂದಲೋ ತೊಂಡೆಸೊಪ್ಪಿನ ವಾಸನೆ ಬಂದಂತಾಯಿತು.

ಅಲ್ಲೇ ಹತ್ತಿರದ ನಮ್ಮೂರ ಶಾಲೆಯಲ್ಲಿ ನಾನು ಓದುವಾಗ ಇದ್ದಿಲನ್ನೂ ತೊಂಡೆಸೊಪ್ಪನ್ನೂ ಅರೆದು ಹಲಗೆಗೆ ಬಳಿಯುವುದು ನಮ್ಮ ಕೆಲಸ. ಅದು ಒಣಗಿದ ಕೂಡಲೇ ಗೌರಮ್ಮ ಮಿಸ್ ಅಂಥದೇ ಗೆರೆ ಎಳೆಯುತ್ತಿದ್ದರು. ಒಂದನೇ ಕ್ಲಾಸಿನಿಂದಲೇ ಎರಡೂ ಭಾಷೆಯಲ್ಲಿ ಕಲಿಸಲು ಬಿಡಿ ಎಂದು ಕಚೇರಿಗೆ ಅರ್ಜಿ ಬರೆದು ಬರೆದು ಬೈಸಿಕೊಂಡವರು ಅವರು.

ಏರ್‌ಪೋರ್ಟ್ ಬರುವುದು ಖಾತ್ರಿಯಾದ ಮೇಲೆ ಊರಿಗೆ ಕಾನ್ವೆಂಟಿನ ಹಳದಿ ವ್ಯಾನ್ ಬಂತು. ಮಕ್ಕಳು ಒಬ್ಬೊಬ್ಬರಾಗಿ ಅದನ್ನು ಹತ್ತಿದರು. ಶಾಲೆ ಉಳಿಸಿಕೊಳ್ಳಲು ಮಿಸ್ ಮನೆಮನೆಗೆ ಬಂದರು. ಅವರು ಬರುವುದನ್ನು ಕಂಡ ಅಪ್ಪ, "ಇಲ್ಲ ಅನ್ನು" ಎಂದು ಒಳಕೋಣೆ ಸೇರಿದರು.

"ಅಪ್ಪ ಮನೇಲಿಲ್ಲ ಮಿಸ್" ಎಂದೆ.

ಅಪ್ಪನ ಚಪ್ಪಲಿ ಹೊಸಿಲ ಬಳಿಯೇ ಇತ್ತು. ಮಿಸ್ ಅದನ್ನು ನೋಡಿದರು. ಬಿಚ್ಚಿದ್ದ ತಮ್ಮ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, "ಬಂದ್ಮೇಲೆ ಹೇಳಮ್ಮ, ನಾನು ಎರಡೂ ಕಲಿಸ್ತೀನಿ ಅಂತ. ಇಂಗ್ಲಿಷಿಗೋಸ್ಕರ ಕನ್ನಡ ಬಿಡಿಸ್ಬೇಕಾಗಿಲ್ಲ ಅಂತ" ಎಂದರು.

ಜೂನ್‌ನಲ್ಲಿ ನಾನೂ ವ್ಯಾನ್ ಹತ್ತಿದೆ. ಶಾಲೆಗೆ ಬೀಗ ಬಿತ್ತು. ಮಿಸ್ ಎಲ್ಲೋ ದೂರದೂರಿಗೆ ವರ್ಗವಾಗಿ, ಅಲ್ಲೇ ತೀರಿಕೊಂಡರಂತೆ.

ನಿನ್ನೆ ಆ ಶಾಲೆಯ ಚಿಕ್ಕ ವಯಸ್ಸಿನ ಟೀಚರ್ ಹಲಗೆ ತೋರಿಸಿ, "ಇದು ಹೊಸಾದು ಮೇಡಂ. ಈ ಕಡೆ ಮುಂಚೆ ಯಾರೂ ಮಾಡಿರ್ಲಿಲ್ಲ" ಎಂದಳು.

"ಒಬ್ರು ಮಾಡಿದ್ರಮ್ಮ" ಎಂದೆ. "ನಮ್ಮನೆ ಬಾಗಿಲಿಗೂ ಬಂದಿದ್ರು."