ಒದೆಯಕ್ಕನ ಕಾಲು

ನಮ್ಮ ರದ್ದಿ ಗೋದಾಮಿನಲ್ಲಿ ರಟ್ಟು ಒತ್ತಿ ಕಟ್ಟು ಮಾಡುವ ಪ್ರೆಸ್ಸು ನಡೆಸುವವಳಿಗೆ ಒದೆಯಕ್ಕ ಅಂತಲೇ ಹೆಸರು. ಗಾಡಿಯಲ್ಲಿ ಬರುವ ಖಾಲಿ ಪೆಟ್ಟಿಗೆಗಳ ರಾಶಿಯಲ್ಲಿ ಯಾವುದು ದೊಡ್ಡದೋ ಅದಕ್ಕೆ ಅವಳದೊಂದು ಒದೆ ಬೀಳಲೇಬೇಕು. ಆಮೇಲೇ ಸ್ವಿಚ್ಚು.

ಅವಳಿಗಿಂತ ಮೊದಲಿದ್ದವನಿಗೆ ಆ ಅಭ್ಯಾಸವಿರಲಿಲ್ಲ. ಒಂದು ದಿನ ತಂತಿ ಬಿಗಿದು ಹೊರಬಂದ ರಟ್ಟಿನ ಕಟ್ಟಿನಿಂದ ರಕ್ತ ತೊಟ್ಟಿಕ್ಕಿತು. ಬಿಚ್ಚಿದರೆ ನಾಯಿ, ಅದರ ಮರಿಗಳು. "ಮತ್ತೆ ಬಿಗಿದು ಲಾರಿಗೆ ಹಾಕ್ರೋ" ಎಂದು ಅವನು ಬೀಡಿ ಹಚ್ಚಿದ. ಆಗ ನನ್ನ ಪಕ್ಕದಲ್ಲಿ ಕೂತು ಕಾಗದ ವಿಂಗಡಿಸುತ್ತಿದ್ದವಳು ಇವಳು. ಎದ್ದು, ಕಬ್ಬಿಣದ ಕೊಕ್ಕೆ ತೆಗೆದುಕೊಂಡು ಅವನ ದವಡೆಗೆ ಬೀಸಿದಳು. ಬೀಡಿಯ ಜೊತೆ ಹಲ್ಲೂ ಉದುರಿದವು. ಅವನು ಕೆಲಸ ಬಿಟ್ಟ, ಇವಳು ಪ್ರೆಸ್ಸಿಗೆ ನಿಂತಳು.

ಗಂಡ ಅದೇ ಗೋದಾಮಿನ ಹಮಾಲಿ. ಕುಡಿದರೆ ಕೈ ಸುಮ್ಮನಿರದು. ಬೆಳಿಗ್ಗೆ ಅವಳ ಕಣ್ಣು ಊದಿದ್ದರೆ ಅವನ ತುಟಿಯೂ ಹರಿದಿರುತ್ತಿತ್ತು. ಇದಕ್ಕೆ ಸಂಸಾರ ಅಂತಾರೆ. ನಾನಂತೂ ಆ ಉಸಾಬರಿಗೇ ಹೋಗಲಿಲ್ಲ.

ಒಮ್ಮೆ ಅಂಗಳದಲ್ಲೇ ಅವಳ ಜುಟ್ಟು ಹಿಡಿದ. ಅವಳು ಪೆಟ್ಟಿಗೆಗೆ ಒದೆಯುವಂತೆ ಹೊಟ್ಟೆಗೆ ಒದ್ದಳು. ಹಮಾಲಿಗಳೆಲ್ಲ ಬಿದ್ದು ಬಿದ್ದು ನಕ್ಕರು. ಆ ನಗುವಿಗೆ ಅವನು ಮನೆಯಲ್ಲಿ ಸೇಡು ತೀರಿಸಿಕೊಂಡ. ಅವಳು ಮಲಗಿದ್ದಾಗ ಸಲಾಕೆಯಿಂದ ಬಲಗಾಲಿನ ಪಾದ ಜಜ್ಜಿದ. "ಇನ್ಮೇಲೆ ಯಾವ ಕಾಲಲ್ಲಿ ಒದೀತೀಯೋ ನೋಡ್ತೀನಿ" ಅಂದನಂತೆ.

ಪಾದಕ್ಕೆ ಪ್ಲಾಸ್ಟರ್ ಸುತ್ತಿಸಿಕೊಂಡು ಅವಳು ಕೆಲಸಕ್ಕೆ ಬಂದಳು. ಮೂಳೆ ಕೂಡುವ ತನಕ ಭಾರ ಹಾಕಿದರೆ ಜನ್ಮಪೂರ್ತಿ ಕುಂಟಬೇಕಾಗುತ್ತೆ ಎಂದು ಡಾಕ್ಟರ್ ಹೆದರಿಸಿದ್ದರು. ಸ್ವಿಚ್ಚಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನನ್ನನ್ನು ಕರೆದಳು. "ನನ್ನ ಬದ್ಲು ನೀನೇ ಒದಿಬೇಕು ಕಣೇ."

ಹಾಗೆ ನಾನು ಒದೆಯುವವಳಾದೆ.

ಒಂದು ಮಧ್ಯಾಹ್ನ ಪ್ರೆಸ್ಸಿನ ಬಾಯಿಗೆ ಫ್ರಿಜ್ಜಿನ ಪೆಟ್ಟಿಗೆ ಬಂತು. ಒದ್ದೆ. ಒಳಗಿನಿಂದ ಯಾರೋ ನರಳಿದರು. ಮುಚ್ಚಳ ಸರಿಸಿದರೆ ಅವಳ ಗಂಡ, ಕಂಠಪೂರ್ತಿ ಕುಡಿದು, ಬಾಯಿ ತೆರೆದುಕೊಂಡು ಬಿದ್ದಿದ್ದಾನೆ. ಮುಚ್ಚಳ ಮತ್ತೆ ಮುಚ್ಚಿದೆ.

"ಏನಾದ್ರೂ ಇತ್ತಾ?"

"ಏನಿಲ್ಲ. ಒತ್ತು."

ಅವಳು ಒತ್ತಲಿಲ್ಲ. ನನ್ನ ಮುಖವನ್ನೇ ನೋಡಿದಳು. ಗೋಡೆ ಹಿಡಿದು ಕುಂಟುತ್ತಾ ಬಂದು ಪೆಟ್ಟಿಗೆಯೊಳಗೆ ಬಗ್ಗಿದಳು. ತುಂಬಾ ಹೊತ್ತು ಹಾಗೇ ಬಗ್ಗಿದ್ದಳು.

"ಒತ್ತಕ್ಕಾ" ಎಂದೆ. "ಯಾರೂ ನೋಡ್ತಿಲ್ಲ. ಪೀಡೆ ತೊಲಗುತ್ತೆ." ಅವನು ಸಾಯಲಿ ಎಂದೇ ನನಗಿತ್ತು. ಈಗಲೂ ಅದೇ ಮಾತು.

ಅವಳು ಕೈ ಚಾಚಿ ಮೇನ್ ಸ್ವಿಚ್ಚನ್ನೇ ಆರಿಸಿದಳು. ಆಮೇಲೆ ಪ್ಲಾಸ್ಟರ್ ಹಾಕಿದ ಆ ಕಾಲಲ್ಲೇ ಒದ್ದಳು. ರಟ್ಟು ಹರಿದು ಅವನು ನೆಲಕ್ಕುರುಳಿದ. ಪಕ್ಕೆಗೆ ಒದ್ದಳು, ಬೆನ್ನಿಗೆ ಒದ್ದಳು, ಅವನು ಅಮ್ಮಾ ಅಮ್ಮಾ ಎಂದು ತೆವಳುತ್ತಿದ್ದರೆ ಹಿಂದೆಯೇ ಕುಂಟಿಕೊಂಡು ಹೋಗಿ ಒದ್ದಳು. ಪ್ಲಾಸ್ಟರ್ ಒಡೆದು ಚೂರುಚೂರಾಯಿತು. ಬಾಗಿಲವರೆಗೂ ರಕ್ತದ ಗೆರೆ ಬಿತ್ತು. ಅದರಲ್ಲಿ ಅವನದೆಷ್ಟು, ಅವಳದೆಷ್ಟು ಎಂದು ಹೇಳಲಾಗುತ್ತಿರಲಿಲ್ಲ. ಅವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಸ್ಟೂಲ್ ಮೇಲೆ ಕುಸಿದು ಅವಳು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಈಗ ಅವಳಿಗೆ ಆ ಕಾಲು ಊರಲು ಬರುವುದಿಲ್ಲ, ಒದೆ ನನ್ನದೇ. ದೊಡ್ಡ ಪೆಟ್ಟಿಗೆ ಬಂದಾಗಲೆಲ್ಲ ಒದೆಯುತ್ತೇನೆ.

"ಏನಾದ್ರೂ ಇತ್ತಾ?"

"ಏನಿಲ್ಲಕ್ಕ."

ಅವಳು ಗೋಡೆ ಹಿಡಿದು ಎದ್ದು, ಆ ಕಾಲನ್ನು ಎಳೆದುಕೊಂಡು ಬಂದು, ತಾನೇ ಬಗ್ಗಿ ನೋಡುತ್ತಾಳೆ.