ಹಾಲು ಬಿಡಿಸಿದ ರಾತ್ರಿ

ಇದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ನಮ್ಮದೇ ಮನೆಯಲ್ಲಿ, ನಾನು ಪೂರ್ತಿ ಎಚ್ಚರವಿದ್ದಾಗ ನಡೆದದ್ದು. ನಂಬದವರು ಇಲ್ಲಿಗೇ ಓದು ನಿಲ್ಲಿಸಬಹುದು, ನನಗೇನೂ ಬೇಸರವಿಲ್ಲ. ಬಿಳಿ ಸೀರೆ, ಹಿಂದುಮುಂದಾದ ಪಾದ, ಗೆಜ್ಜೆ ಸದ್ದು ಬೇಕು ಅನ್ನುವವರೂ ನಿಲ್ಲಿಸಬಹುದು. ಅಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ನಮ್ಮ ಆಫೀಸಿನಲ್ಲಿ ಅಂಥವರು ಇಬ್ಬರಿದ್ದರು. ಊಟದ ಡಬ್ಬಿ ಬಿಚ್ಚಿದ ಕೂಡಲೇ ಅವರ ದೆವ್ವಗಳೂ ಹೊರಗೆ ಬರುತ್ತಿದ್ದವು.

ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಅಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಮನೆಯಲ್ಲಿ ಅಮ್ಮ ಮತ್ತು ಮಗಳಾದ ನಾನು ಇಬ್ಬರೇ. ಅಮ್ಮನ ಎಡಗಡೆಯ ಮೊಲೆಯಲ್ಲಿ ಗಂಟು ಕಾಣಿಸಿ, ಪರೀಕ್ಷೆಯಾಗಿ, ಕ್ಯಾನ್ಸರ್ ಅಂತ ಖಚಿತವಾಗಿತ್ತು. ಮೊಲೆಯನ್ನು ಪೂರ್ತಿ ತೆಗೆಯಬೇಕು ಅಂದರು ನವಿ ಮುಂಬೈಯ ಆಸ್ಪತ್ರೆಯವರು. ಆದರೆ ಅಮ್ಮನ ಶುಗರ್ ಇಳಿಯದೆ ಆಪರೇಷನ್ ಮಾಡುವ ಹಾಗಿರಲಿಲ್ಲ. ಒಂದು ತಾರೀಖು ಕೊಟ್ಟರು, ಮುಂದೆ ಹಾಕಿದರು. ಇನ್ನೊಂದು ಕೊಟ್ಟರು, ಅದೂ ಮುಂದೆ ಹೋಯಿತು. ಪ್ರತಿ ಸಲ ಅಮ್ಮನನ್ನು ಲೋಕಲ್ ರೈಲಿನಲ್ಲಿ ಠಾಣೆವರೆಗೆ ಕರೆದುಕೊಂಡು ಹೋಗಿ, ಅಲ್ಲಿ ಗಾಡಿ ಬದಲಿಸಿ ನೆರೂಳಿಗೆ, ಅಲ್ಲಿಂದ ರಿಕ್ಷಾ. ಮತ್ತೆ ವಾಪಸ್. ಬೇರೇನೂ ಇಲ್ಲ, ಕಾಯುವುದೇ ನಮ್ಮ ಕೆಲಸವಾಗಿತ್ತು.

ಕಾಯುವವರ ಮನೆಗೆ ಜನ ಬರುತ್ತಾರೆ. ನಮ್ಮ ಕಡೆಯವರು, ಅಂದರೆ ಕುಂದಾಪುರದ ಕಡೆಯಿಂದ ಬಂದು ಇಲ್ಲಿ ತಳವೂರಿದವರು, ಸಾಲಾಗಿ ಬಂದರು. ಒಬ್ಬರ ಬಾಯಲ್ಲೂ ರೋಗದ ಹೆಸರು ಬರಲಿಲ್ಲ. "ಅದು" ಅನ್ನುತ್ತಿದ್ದರು. ಅಮ್ಮನ ಮುಖ ನೋಡುವಂತೆ ನಟಿಸುತ್ತ ಸೆರಗಿನ ಕಡೆ ನೋಡುತ್ತಿದ್ದರು. ಒಬ್ಬಳು ಗೋಧಿಹುಲ್ಲಿನ ರಸ ಕುಡಿಸು ಅಂದಳು. ಇನ್ನೊಬ್ಬಳು ತನ್ನ ನಾದಿನಿ ಇದರಲ್ಲೇ ಸತ್ತದ್ದನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸಿ, ಎರಡನೇ ಲೋಟ ಚಹಾ ಕೇಳಿ ಕುಡಿದು ಹೋದಳು.

ಎಲ್ಲರಿಗಿಂತ ಮೇಲು ನಮ್ಮ ಶೀನ ಮಾವ. ಅಮ್ಮನ ತಮ್ಮ, ಕಲ್ಯಾಣದಲ್ಲಿ ಕ್ಯಾಂಟೀನ್ ನಡೆಸುವವನು. ಬಂದವನೇ ಕಾಲು ಮಡಚಿ ಕೂತು ಉದ್ದಿನ ದೋಸೆ ತಿನ್ನುತ್ತ ನನಗೆ ಬುದ್ಧಿ ಹೇಳಿದ.

"ಕಾಣ್ ಹೆಣೆ, ಕೊಯ್ದ್ರೆ ಅದ್ ಮೈಯೆಲ್ಲ ಹರಡ್ತ್ ಅಂಬ್ರ್. ನಾನೊಂದ್ ಸಲ ಊರಿಗ್ ಹೋಯಿ ದೈವ ಮೈಮೇಲ್ ಬಪ್ಪ ಪಾತ್ರಿ ಹತ್ರ ಕೇಂಡ್ಕಂಡ್ ಬತ್ತೆ. ಶ್ರಾವಣ ಕಳಿಲಿ, ಅಲ್ಲಿವರಿಗೆ ತಡಿ."

"ಗಂಟಿಗೆ ಶ್ರಾವಣ ಆಷಾಢ ಎಲ್ಲ ಗೊತ್ತಿತ್ತಾ ಮಾವ?" ಅಂದೆ.

ಅವನಿಗೆ ಸಿಟ್ಟು ಬಂತು. ಓದಿದವರಿಗೆ ದೈವದ ಭಯವಿಲ್ಲ ಅಂದ. ಸಿಟ್ಟಿನಲ್ಲೂ ದೋಸೆ ಬಿಡಲಿಲ್ಲ. ಅವನು ಹೋದ ಮೇಲೆ ಅಮ್ಮ ಸೆರಗು ಬಿಗಿಯಾಗಿ ಹೊದ್ದು ಕಿಟಕಿಯ ಹತ್ತಿರ ಹೋಗಿ ಕೂತಳು. ಅವಳು ಹೆದರಿದ್ದಾಳೆ ಅಂತ ನಾನು ತಿಳಿದೆ.

ಆ ವಾರದಲ್ಲೇ ಮೊದಲ ಸಲ ಆ ಸದ್ದು ಕೇಳಿದ್ದು.

ಅಮ್ಮ ಮಂಚದ ಮೇಲೆ, ನಾನು ಪಕ್ಕದಲ್ಲಿ ಕೆಳಗೆ ಹಾಸಿಕೊಂಡು ಮಲಗುತ್ತಿದ್ದೆವು. ನಮ್ಮ ಏರಿಯಾದಲ್ಲಿ ರಾತ್ರಿಯಾದರೆ ಫ್ಯಾಕ್ಟರಿಗಳ ಕೆಮಿಕಲ್ ವಾಸನೆ ಬರುತ್ತದೆ, ಮೂಗಿಗೆ ಅದು ಅಭ್ಯಾಸ. ಅವತ್ತು ಎಚ್ಚರವಾದಾಗ ಬೇರೆಯೇ ವಾಸನೆ ಇತ್ತು. ಹಸುಗೂಸಿನ ನೆತ್ತಿಯ ವಾಸನೆ... ಎಣ್ಣೆ, ಹಾಲು, ಸ್ವಲ್ಪ ಹುಳಿ. ಆಮೇಲೆ ಸದ್ದು. ಚಪ್... ಚಪ್... ನಡುವೆ ಸ್ವಲ್ಪ ನಿಲ್ಲುವುದು, ಉಸಿರು ಎಳೆದುಕೊಳ್ಳುವುದು, ಮತ್ತೆ ಚಪ್... ಚಪ್...

ನಲ್ಲಿ ಸೋರುತ್ತಿದೆ ಅಂದುಕೊಂಡೆ. ಆದರೆ ನಲ್ಲಿ ಉಸಿರಾಡುವುದಿಲ್ಲ.

ಎದ್ದು ಲೈಟ್ ಹಾಕಿದೆ. ಸದ್ದು ನಿಂತಿತು. ಅಮ್ಮ ಎಡಮಗ್ಗುಲಾಗಿ ಮಲಗಿದ್ದಳು. ರವಿಕೆಯ ಎರಡು ಹುಕ್ಕು ಬಿಚ್ಚಿತ್ತು. ಕಣ್ಣು ತೆರೆದೇ ಇತ್ತು. ರೋಗ ಗೊತ್ತಾದ ಮೇಲೆ ಅವಳ ಮುಖ ಅಷ್ಟು ನೆಮ್ಮದಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ.

"ಲೈಟ್ ಆರ್ಸ್," ಅಂದಳು ಪಿಸುದನಿಯಲ್ಲಿ. "ಈಗಷ್ಟೇ ಕಣ್ ಮುಚ್ಚಿದ್ದ."

"ಯಾರು?"

ಅವಳು ಎದೆಯ ಮೇಲೆ ಸೆರಗು ಎಳೆದುಕೊಂಡಳು. ಬೆಳಿಗ್ಗೆ ನೋಡಿದರೆ ಅವಳ ರವಿಕೆಯ ಎಡಭಾಗ ಒದ್ದೆಯಾಗಿತ್ತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಇದನ್ನು ಹೇಳಿದೆ. ಎಳೆ ವಯಸ್ಸಿನ ಡಾಕ್ಟರು ಪರೀಕ್ಷಿಸಿ, "ಕಿಸೀ ಕಿಸೀ ಕೋ ಹೋತಾ ಹೈ, ಘಬ್ರಾನೆ ಕಾ ನಹೀ," ಅಂದರು. ಈ ರೋಗದಲ್ಲಿ ಕೆಲವರಿಗೆ ಸ್ರಾವ ಆಗುತ್ತದಂತೆ, ಹೆದರಬೇಕಾಗಿಲ್ಲವಂತೆ. ನನಗೆ ಅಷ್ಟು ಸಾಕಾಯಿತು. ವಾಪಸ್ ಬರುವಾಗ ಗಾಡಿಯಲ್ಲಿ ಅಮ್ಮನಿಗೆ ಪಾಠ ಮಾಡಿದ ಹಾಗೆ ವಿವರಿಸಿದೆ. ಅವಳು ಕೇಳಿಸಿಕೊಂಡಳು. ನನ್ನ ಕಡೆ ನೋಡಿದ ನೋಟದಲ್ಲಿ ಕನಿಕರ ಇತ್ತು, ಅದು ನನ್ನ ಮೈ ಉರಿಸಿತು.

ಆಮೇಲೆ ಹೆಚ್ಚುಕಡಿಮೆ ದಿನಾ ರಾತ್ರಿ ಆ ವಾಸನೆ, ಆ ಸದ್ದು. ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದೆ. ಬೆಳಿಗ್ಗೆ ರವಿಕೆ ಒಗೆದು ಹಾಕಿದೆ. ಸ್ರಾವ ಅಂದಿದ್ದಾರಲ್ಲ, ಸ್ರಾವ. ಅದಕ್ಕೆ ಹಾಲಿನ ವಾಸನೆ ಯಾಕೆ ಅಂತ ನನ್ನನ್ನೇ ಕೇಳಿಕೊಳ್ಳಲಿಲ್ಲ.

ಕೊನೆಗೂ ಶುಗರ್ ಇಳಿಯಿತು. ನಾಳೆಯೇ ಬಂದು ಅಡ್ಮಿಟ್ ಆಗಿ ಅಂದರು. ಇನ್ನು ತಡವಾದರೆ ಕಂಕುಳಿಗೆ ದಾಟಬಹುದು, ಆಮೇಲೆ ನಮ್ಮ ಕೈಯಲ್ಲಿಲ್ಲ ಅಂತ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಸ್ಪಷ್ಟವಾಗಿ ಹೇಳಿದ್ದರು. ಸಂಜೆ ನಾನು ಚೀಲ ಕಟ್ಟುತ್ತಿದ್ದೆ. ಟವೆಲ್, ಮುಂದೆ ಬಟನ್ ಇರುವ ಎರಡು ನೈಟಿ, ಫ್ಲಾಸ್ಕ್.

"ನಾಳೆ ನಾನ್ ಬತ್ತಿಲ್ಲೆ," ಅಂದಳು ಅಮ್ಮ.

ನಾನು ಫ್ಲಾಸ್ಕ್ ಕೆಳಗಿಟ್ಟೆ. "ಮಾವ ಫೋನ್ ಮಾಡಿದ್ನಾ? ಪಾತ್ರಿ ಎಂತ ಹೇಳ್ರ್ ಅಂಬ್ರ್?"

"ಅವ್ನ್ ಸುದ್ದಿ ಬಿಡ್. ಮಗು ದಿನಾ ಬತ್ತ್. ಹೊಟ್ಟೆ ಹಶು ಅದಕ್ಕೆ. ಇದನ್ನ ಕೊಯ್ದ್ ಹಾಕ್ರೆ ಅದ್ ಎಲ್ಲಿಗ್ ಹೋತ್ತ್?"

ಯಾವ ಮಗು ಅಂತ ನಾನು ಕೇಳಬೇಕಾಗಿರಲಿಲ್ಲ. ನನಗಿಂತ ಮೊದಲು ಒಂದು ಗಂಡು ಹುಟ್ಟಿತ್ತು. ಹೆಸರಿಡುವ ಮೊದಲೇ ಹೋಯಿತು. ಇದೇ ಮನೆಯಲ್ಲಿ, ಅಪ್ಪ ಮದುವೆಯ ಹೊಸತರಲ್ಲಿ ಬಾಡಿಗೆಗೆ ಹಿಡಿದು ಆಮೇಲೆ ಕೊಂಡುಕೊಂಡ ಈ ಎರಡು ಕೋಣೆಯಲ್ಲಿ. ಅಮ್ಮ ಅದರ ಸುದ್ದಿ ಎತ್ತುತ್ತಿದ್ದದ್ದೇ ಕಡಿಮೆ. ಅವತ್ತು ಎತ್ತಿದಳು.

"ಅದ್ ಹೋದ್ ಮೇಲೂ ಒಂದ್ ತಿಂಗ್ಳ್ ಹಾಲ್ ನಿಲ್ಲಲಿಲ್ಲೆ. ಹಿಂಡಿ ಹಿಂಡಿ ಅಡುಗೆಮನೆ ಮೋರಿಗ್ ಚೆಲ್ದೆ. ಅದ್ರ ಪಾಲಿನ್ ಹಾಲ್. ಈಗ ಅದನ್ನ್ ಕೇಂಬುಕೆ ಬಂದಿತ್ತ್."

ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ. ನನಗೆ ಆಗ ಭಯವಾಗಲಿಲ್ಲ, ಹೊಟ್ಟೆಕಿಚ್ಚಾಯಿತು. ಇಷ್ಟು ವರ್ಷ ಜೊತೆಗಿದ್ದವಳು ನಾನು. ಮದುವೆ ಬೇಡ ಅಂದು ಉಳಿದವಳು, ಲೋಕಲ್‌ನಲ್ಲಿ ಜೋತು ಬಿದ್ದು ದುಡಿದವಳು, ಆಸ್ಪತ್ರೆಯ ಲೈನಿನಲ್ಲಿ ನಿಂತವಳು. ಒಂದು ವಾರ ಬದುಕದೆ ಹೋದ, ಹೆಸರೂ ಇಲ್ಲದ ಒಂದು ಗೇಣು ಮಗುವಿಗಾಗಿ ಇವಳು ಸಾಯಲು ತಯಾರಿದ್ದಾಳೆ. ಸತ್ತವರಿಗೆ ಎಷ್ಟು ಸುಲಭ ನೋಡಿ. ಬಂದು ಬಾಯಿಟ್ಟರೆ ಆಯಿತು.

"ನನಗ್ ಹ್ಯಾಂಗ್ ಹಾಲ್ ಬಿಡ್ಸಿದ್ದ್?" ಅಂತ ಕೇಳಿದೆ.

"ಲೋಳೆಸರ ಹಚ್ಚಿ. ಕಹಿ ಅಂದ್ಕಂಡ್ ಎರಡ್ ದಿನ ಕೂಗಿ ಸುಮ್ನಾದೆ."

"ಹಾಂಗಾರೆ ಅದಕ್ಕೂ ಹಚ್ಚ್. ಹಾಲ್ ಬಿಡ್ಸಿ ಬಾ."

ಚುಚ್ಚುವುದಕ್ಕೇ ಹೇಳಿದ ಮಾತು. ಆದರೆ ಅಮ್ಮ ಅದನ್ನು ಹಿಡಿದುಕೊಂಡಳು.

"ನನ್ ಕೈಯಂಗ್ ಆತಿಲ್ಲೆ. ನೀನ್ ಹಚ್ಚ್. ಹಚ್ರೆ ನಾಳೆ ಬತ್ತೆ."

ಬಾಲ್ಕನಿಯ ಕುಂಡದಲ್ಲಿ ಲೋಳೆಸರ ಇತ್ತು. ಒಂದು ಎಸಳು ಮುರಿದು ತಂದೆ. ಮುರಿದಲ್ಲಿ ಹಳದಿ ರಸ ಒಸರುತ್ತಿತ್ತು, ಅದೇ ವಿಪರೀತ ಕಹಿ. ಚರ್ಮಕ್ಕೆ ಏನೂ ಹಚ್ಚಬೇಡಿ ಅಂದಿದ್ದರು ಡಾಕ್ಟರು, ಬೆಳಿಗ್ಗೆ ತೊಳೆದರಾಯಿತು ಅಂದುಕೊಂಡೆ. ಎಂಥ ನಾಟಕ ಮಾಡುತ್ತಿದ್ದೇನೆ ಅಂತ ನನ್ನ ಮೇಲೆಯೇ ಹೇಸಿಗೆಯಾಯಿತು. ಶೀನ ಮಾವನಿಗೂ ನನಗೂ ಏನು ವ್ಯತ್ಯಾಸ. ಆದರೂ ಹಚ್ಚಿದೆ. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು. ಬೆರಳಿಗೆ ಗಂಟು ಗಟ್ಟಿಯಾಗಿ ಸಿಕ್ಕಿತು.

ಡಾಕ್ಟರು ಕೊಟ್ಟ ನಿದ್ದೆಯ ಗುಳಿಗೆ ತೆಗೆದುಕೊಂಡು ಅಮ್ಮ ಮಲಗಿದಳು. ನಾನು ಕಿವಿಗೆ ಹತ್ತಿ ಇಟ್ಟುಕೊಳ್ಳಲಿಲ್ಲ.

ಕೊನೆಯ ಲೋಕಲ್‌ನ ಸದ್ದು ಮುಗಿದ ಮೇಲೆ ಆ ವಾಸನೆ ಬಂತು. ಆಮೇಲೆ ಸದ್ದು. ಚಪ್...

ಒಂದೇ ಸಲ. ನಿಂತಿತು.

ಕತ್ತಲಲ್ಲಿ ಏನೋ ಉಗುಳಿದ ಹಾಗೆ, ಕೆಮ್ಮಿದ ಹಾಗೆ ಸಣ್ಣ ಸದ್ದು... ಮತ್ತೊಮ್ಮೆ ಚಪ್... ಮತ್ತೆ ಉಗುಳು. ಆಮೇಲೆ ಅಳು ಶುರುವಾಯಿತು. ಹುಟ್ಟಿ ಕೆಲವೇ ದಿನವಾದ ಮಗುವಿನ ಅಳು, ತೆಳ್ಳಗೆ, ನಡುನಡುವೆ ಉಸಿರು ಕಟ್ಟುವ ಅಳು. ಬೆಕ್ಕು ಅಂತ ಹೇಳಿಕೊಂಡೆ. ನಮ್ಮ ಬಿಲ್ಡಿಂಗಿನಲ್ಲಿ ಆಗ ಎಳೆ ಮಗು ಯಾರಿಗೂ ಇರಲಿಲ್ಲ. ಕಿಟಕಿ ತೆರೆದು ನೋಡಿದೆ, ಹೊರಗೆ ಏನೂ ಕೇಳುತ್ತಿರಲಿಲ್ಲ. ಸದ್ದು ಮನೆಯ ಒಳಗಿತ್ತು.

ಅದು ಮಂಚದಿಂದ ದೂರ ಹೋಯಿತು. ಅಡುಗೆಮನೆಗೆ ಹೋಯಿತು.

ನಾನೂ ಹೋದೆ. ಯಾಕೆ ಹೋದೆ ಅಂದರೆ, ಹೆದರುವುದು ನನಗೆ ಅವಮಾನ. ಲೈಟ್ ಹಾಕಿದೆ. ಪಾತ್ರೆ ತೊಳೆಯುವ ಮೂಲೆ, ಅದೇ ಮೋರಿ, ಖಾಲಿ ಇತ್ತು. ಸಂಜೆ ಒರೆಸಿ ಒಣಗಿಸಿದ್ದ ಕಲ್ಲು ಒದ್ದೆಯಾಗಿತ್ತು. ಅಳು ಅಲ್ಲಿಂದಲೇ ಬರುತ್ತಿತ್ತು, ನನ್ನ ಕಾಲಿನ ಬುಡದಿಂದ.

"ಕುಡ್ದದ್ ಸಾಕ್," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿಸಿತು. "ಅವ್ಳ್ ನನಗ್ ಬೇಕ್. ನೀ ಹೋಗ್."

ಅಳು ಥಟ್ಟನೆ ನಿಂತಿತು.

ಒಂದು ಕ್ಷಣ ಗೆದ್ದೆ ಅನ್ನಿಸಿತು. ಆಮೇಲೆ ಅದು ಯಾಕೆ ನಿಂತಿದೆ ಅಂತ ಅರ್ಥವಾಯಿತು. ಮಕ್ಕಳಿರುವ ಮನೆಯಲ್ಲಿ ನೋಡಿರುತ್ತೀರಿ. ಅಳುವ ಮಗು ಹತ್ತಿರದಲ್ಲಿ ಯಾರದೋ ದನಿ ಕೇಳಿದರೆ ಸುಮ್ಮನಾಗುತ್ತದೆ. ಈಗ ಎತ್ತಿಕೊಳ್ಳುತ್ತಾರೆ ಅಂತ ಕಾಯುತ್ತದೆ.

ಅದು ಕಾಯುತ್ತಿತ್ತು. ಸಣ್ಣಗೆ ಬಿಕ್ಕುತ್ತ ಕಾಯುತ್ತಿತ್ತು.

ನಾನು ಬಗ್ಗಲಿಲ್ಲ. ಲೈಟ್ ಆರಿಸಿ, ಅಡುಗೆಮನೆಯ ಬಾಗಿಲು ಎಳೆದು, ಚಿಲಕ ಹಾಕಿ ಬಂದೆ. ಆಮೇಲೆ ಅದು ಅತ್ತದ್ದು ನನಗೆ ಮಾತ್ರ ಗೊತ್ತು. ಮೊದಲ ಲೋಕಲ್ ಹೊರಡುವವರೆಗೂ ಅತ್ತಿತು, ಕೊನೆಕೊನೆಗೆ ದನಿ ಒಡೆದು ಹೋಗಿತ್ತು. ಅಮ್ಮ ಅಲುಗಾಡದೆ ಮಲಗಿದ್ದಳು. ನಾನು ಮಂಚದ ಕಾಲಿಗೆ ಒರಗಿ ಅವಳ ಕೈ ಹಿಡಿದುಕೊಂಡು ಕೂತಿದ್ದೆ.

ಬೆಳಿಗ್ಗೆ ತೊಳೆಯಲು ಹೋದರೆ ಲೋಳೆಸರ ಮೊಲೆಯ ಮೇಲೆಲ್ಲ ಒಣಗಿ ಹಾಗೇ ಇತ್ತು. ತೊಟ್ಟಿನ ಸುತ್ತ ಮಾತ್ರ ಸ್ವಲ್ಪವೂ ಇರಲಿಲ್ಲ.

ಅಮ್ಮ ಮಾತಿಗೆ ತಪ್ಪಲಿಲ್ಲ. ಬಂದಳು, ಅಡ್ಮಿಟ್ ಆದಳು, ಆಪರೇಷನ್ ಆಯಿತು. ಕಂಕುಳಿಗೆ ದಾಟಿರಲಿಲ್ಲ. ಶೀನ ಮಾವ ಆಸ್ಪತ್ರೆಗೆ ಪ್ರಸಾದ ತಂದು, ತನ್ನ ಪಾತ್ರಿಯಿಂದಲೇ ಎಲ್ಲ ಸುಸೂತ್ರ ಆದದ್ದು ಅಂತ ನರ್ಸಿಗೂ ಹೇಳಿದ. ಅನ್ನಲಿ ಅಂತ ಬಿಟ್ಟೆ. ಮನೆಯಲ್ಲಿ ಆ ವಾಸನೆ, ಆ ಸದ್ದು ಮತ್ತೆ ಬರಲಿಲ್ಲ. ಅಮ್ಮನೂ ಆ ಸುದ್ದಿ ಎತ್ತಲಿಲ್ಲ. ಎರಡು ವರ್ಷ, ಮೂರು ವರ್ಷ, ಹೀಗೇ ಹತ್ತರ ಹತ್ತಿರ ವರ್ಷ ಕಳೆಯಿತು.

ಹೋದ ವರ್ಷ ಚೆಕಪ್ ಮುಗಿಸಿ, ಎಲ್ಲ ಸರಿಯಿದೆ ಅನ್ನಿಸಿಕೊಂಡು ಬರುವಾಗ ಠಾಣೆಯ ಪ್ಲಾಟ್‌ಫಾರಂನಲ್ಲಿ ನಿಂತಿದ್ದೆವು. ಸುತ್ತ ಜನವೋ ಜನ. ಅಮ್ಮ ನನ್ನ ಕಡೆ ನೋಡದೆ ಕೇಳಿದಳು.

"ಅವತ್ ರಾತ್ರಿ ಅತ್ತಿತಾ?"

ಇಷ್ಟು ವರ್ಷದ ಮೇಲೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಬೆಳಗಿನವರಿಗೂ," ಅಂದೆ.

"ನೀ ಎತ್ಕಂಡ್ಯಾ?"

ಇಲ್ಲ ಅಂದೆ. ಗಾಡಿ ಬಂತು, ಹತ್ತಿದೆವು.

ಆ ರಾತ್ರಿ ಅಮ್ಮ ಮಂಚ ಬಿಟ್ಟು, ಚಾಪೆ ದಿಂಬು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ದಿನಾ ಅಲ್ಲೇ, ಮೋರಿಯ ಪಕ್ಕದಲ್ಲಿ ಮಲಗುತ್ತಾಳೆ. ಸೆಖೆ ಅಂತ ನೆಪ ಹೇಳುತ್ತಾಳೆ, ಚಳಿಗಾಲದಲ್ಲೂ ಅದೇ ನೆಪ. ಚಾಪೆಯ ಒಂದು ಅಂಚಿಗೆ ಒತ್ತಿಕೊಂಡು ಮಲಗುತ್ತಾಳೆ, ಎಡಗಡೆ ಒಂದು ಗೇಣು ಜಾಗ ಬಿಟ್ಟು. ರಾತ್ರಿ ಬಾಯಾರಿದರೂ ನೀರಿಗೆ ಆ ಕಡೆ ಹೋಗುವುದಿಲ್ಲ.